ಲೈವ್ ರಾಕೋ, ಡ್ರೈ ರಾಕೋ? ಬಿಸಿಲು ನಾಡಿನ ಮೊದಲ ಉಪ್ಪುನೀರಿನ ಅಕ್ವೇರಿಯಂ

ಬಳ್ಳಾರಿಯಲ್ಲಿ ಅಕ್ವೇರಿಯಂ ಆಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ. ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ, ಕಾರಣಗಳನ್ನು ಆಮೇಲೆ ಒಂದೊಂದಾಗಿ ನೋಡೋಣ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಡುವವರು ಡ್ರೈ ರಾಕ್, ಅಂದರೆ ಜೀವಿಗಳಿಲ್ಲದ ಒಣ ಕಲ್ಲಿನಿಂದ ಶುರು ಮಾಡಿ. 100 ಲೀಟರಿನ ಟ್ಯಾಂಕಿಗೆ ಹಗುರವಾದ, ಮೈತುಂಬ ರಂಧ್ರವಿರುವ ಕಲ್ಲು 7ರಿಂದ 9 ಕೆ.ಜಿ. ಸಾಕು. ಇದರ ಜೊತೆಗೆ ಮುಷ್ಟಿ ಗಾತ್ರದ ಒಂದೇ ಒಂದು ಲೈವ್ ರಾಕ್ (ಸಮುದ್ರದ ಜೀವಿಗಳು ನೆಲೆಸಿದ ಕಲ್ಲು) ತುಂಡು ಬೇಕು. ಅದು ಕನಿಷ್ಠ ಒಂದು ವರ್ಷ ಚೆನ್ನಾಗಿ ನಡೆದಿರುವ, ನೀವು ಕಣ್ಣಾರೆ ನೋಡಿದ ಟ್ಯಾಂಕಿನಿಂದಲೇ ಬರಬೇಕು.

ಗ್ಯಾಲನ್‌ಗೆ ಒಂದು ಪೌಂಡ್ ಕಲ್ಲು, ಅಂದರೆ ಲೀಟರಿಗೆ ಸುಮಾರು 120 ಗ್ರಾಂ ಎಂಬ ಹಳೆಯ ಲೆಕ್ಕವನ್ನು ನೀವು ಕೇಳಿರಬಹುದು. ಅದರ ಪ್ರಕಾರ 100 ಲೀಟರಿಗೆ 12 ಕೆ.ಜಿ. ಆಗುತ್ತದೆ. ದಟ್ಟವಾದ ಕಲ್ಲುಗಳ ಕಾಲಕ್ಕೆ ಆ ಲೆಕ್ಕ ಸರಿಯಿತ್ತು. ಕೆಲಸ ಮಾಡುವುದು ಕಲ್ಲಿನ ತೂಕವಲ್ಲ, ಅದರ ಒಳಗಿನ ರಂಧ್ರಗಳ ಮೇಲ್ಮೈ. ಒಂದೇ ಗಾತ್ರದ ಎರಡು ಕಲ್ಲುಗಳಲ್ಲಿ ಹಗುರವಾದುದನ್ನೇ ಆರಿಸಿಕೊಳ್ಳಿ.

ಕಲ್ಲು ಏನು ಕೆಲಸ ಮಾಡುತ್ತದೆ? ಮೀನಿನ ಮಲ, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಉಪ್ಪುನೀರಿನ ಪಿಎಚ್ 8.2ರ ಆಸುಪಾಸಿನಲ್ಲಿ ಇರುವುದರಿಂದ ಆ ಅಮೋನಿಯಾದ ವಿಷಕಾರಿ ಪಾಲು ಸಿಹಿನೀರಿಗಿಂತ ಹೆಚ್ಚು, ನೀರು ಬಿಸಿಯಾದಷ್ಟೂ ಇನ್ನೂ ಹೆಚ್ಚು. ಕಲ್ಲಿನ ಮೇಲ್ಪದರದಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕಲ್ಲಿನ ಆಳದಲ್ಲಿ ಆಮ್ಲಜನಕ ಕಡಿಮೆ ಇರುವ ಜಾಗದಲ್ಲಿ ಮತ್ತೊಂದು ಗುಂಪು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಹಾಕುತ್ತದೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲಿ ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು: ಜೀವಂತ ಕಲ್ಲು, ಸಮುದ್ರದ ನೀರು, ಗಾಳಿಯ ಗುಳ್ಳೆ, ಬೆಳಕು, ಇಷ್ಟೇ. ಇಂದಿನ ಬಹುಪಾಲು ಹವಳದ ಟ್ಯಾಂಕುಗಳು ಆ ದಾರಿಯಲ್ಲೇ ಬಂದವು. ಆದರೆ ಅವರ ಮನೆಗೆ ಸಮುದ್ರ ಹತ್ತಿರವಿತ್ತು, ನಮಗಿಲ್ಲ. ನಮ್ಮ ಆಯ್ಕೆ ಬೇರೆಯಾಗುವುದಕ್ಕೆ ಅರ್ಧ ಕಾರಣ ಇದೇ.

ಕಲ್ಲಿಗೇನು ಬರ, ಬಳ್ಳಾರಿಯ ಗುಡ್ಡದಿಂದಲೇ ತರಬಹುದಲ್ಲ ಎಂಬ ಮಾತಿಗೂ ಉತ್ತರ ಕೊಡಬೇಕು. ನಮ್ಮ ಗುಡ್ಡಗಳದು ಗ್ರಾನೈಟ್. ಅದರಲ್ಲಿ ರಂಧ್ರವಿಲ್ಲ, ಬ್ಯಾಕ್ಟೀರಿಯಾಕ್ಕೆ ಹೊರಮೈ ಬಿಟ್ಟರೆ ಬೇರೆ ಮನೆ ಇಲ್ಲ. ಸಂಡೂರು ಕಡೆಯ ಕೆಂಪು ಕಲ್ಲಿನಲ್ಲಿ ಕಬ್ಬಿಣ ತುಂಬಿರುತ್ತದೆ. ಅದನ್ನು ಟ್ಯಾಂಕಿಗೆ ಹಾಕಲೇಬಾರದು, ಕಬ್ಬಿಣ ಪಾಚಿಗೆ ಗೊಬ್ಬರ. ಶಹಾಬಾದ್ ಕಲ್ಲು ಹವಳದ ಕಲ್ಲಿನಂತೆ ಸುಣ್ಣದ ಕಲ್ಲೇ ಹೌದು, ವಿನೆಗರ್ ಹನಿಸಿದರೆ ನೊರೆ ಬರುತ್ತದೆ. ಆದರೆ ಅದೂ ಗಟ್ಟಿ ಹಾಸು, ಒಳಗೆ ಪೊಳ್ಳಿಲ್ಲ. ನೊರೆ ಬಂದ ಮಾತ್ರಕ್ಕೆ ಕಲ್ಲು ಯೋಗ್ಯ ಎಂದು ತೀರ್ಮಾನಿಸಬೇಡಿ.

ಈಗ ಲೈವ್ ರಾಕ್. ಸಮುದ್ರದಲ್ಲಿ ಸತ್ತ ಹವಳದ ಅಸ್ಥಿಪಂಜರದ ಮೇಲೆ, ಒಳಗೆ ಬ್ಯಾಕ್ಟೀರಿಯಾ, ಗುಲಾಬಿ ಬಣ್ಣದ ಕೋರಲೈನ್ ಪಾಚಿ, ಸ್ಪಂಜು, ಹುಳು, ಕೋಪೆಪಾಡ್ ಎಂಬ ಸಣ್ಣ ಜೀವಿಗಳು ನೆಲೆಸಿದ ಕಲ್ಲು ಅದು. ಚೆನ್ನಾಗಿ ಹದವಾದ ಲೈವ್ ರಾಕ್ ಸಿಕ್ಕಿದರೆ ಟ್ಯಾಂಕ್ ಬೇಗ ಸ್ಥಿರವಾಗುತ್ತದೆ, ಜೀವವೈವಿಧ್ಯ ಮೊದಲ ದಿನದಿಂದಲೇ ಇರುತ್ತದೆ. ಈ ಗುಣವನ್ನು ನಾವು ಕಡಿಮೆ ಮಾಡಿ ಹೇಳುವುದಿಲ್ಲ. ಒಣ ಕಲ್ಲಿಗೆ ತಿಂಗಳುಗಟ್ಟಲೆ ಕಾದರೂ ಬಾರದ ಜೀವಿಗಳು ಅದರಲ್ಲಿವೆ.

ತೊಂದರೆ ಶುರುವಾಗುವುದು ಸಾಗಣೆಯಲ್ಲಿ. ಒದ್ದೆ ಕಾಗದದಲ್ಲಿ ಸುತ್ತಿ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟ ಕಲ್ಲು ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 300 ಕಿ.ಮೀ. ಬರಬೇಕು, ರಾಯಚೂರಿಗೆ ಇನ್ನೂ ದೂರ. ಸ್ಪಂಜು ಸ್ವಲ್ಪ ಹೊತ್ತು ಗಾಳಿಗೆ ತೆರೆದುಕೊಂಡರೂ ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಆ ಬಿಸಿಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಂದ ಲೈವ್ ರಾಕ್‌ನಲ್ಲಿ ಜೀವಕ್ಕಿಂತ ಸಾವೇ ಹೆಚ್ಚಿರುತ್ತದೆ. ಸತ್ತದ್ದೆಲ್ಲ ಟ್ಯಾಂಕಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ತರಿಸಲೇಬೇಕಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ರಾತ್ರಿ ಗಾಡಿಯಲ್ಲಿ ತರಿಸಿ. ಪೆಟ್ಟಿಗೆ ತೆರೆದಾಗ ಸಮುದ್ರದ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಲ್ಲು ಟ್ಯಾಂಕಿಗೆ ಹೋಗುವಂತಿಲ್ಲ, ಮೊದಲು ಡ್ರಮ್ಮಿನಲ್ಲಿ ಹದವಾಗಬೇಕು.

ಹದ ಮಾಡುವುದು ಹೀಗೆ. 60 ಲೀಟರಿನ ಹೊಸ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 1.025 ಸಾಂದ್ರತೆಯ (ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ) ಉಪ್ಪುನೀರು, ಬಲವಾಗಿ ನೀರು ತಿರುಗಿಸುವ ಒಂದು ಪಂಪ್, 26 ಡಿಗ್ರಿ, ಪೂರ್ತಿ ಕತ್ತಲು. ಎರಡು ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷೆ, 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ದಾಟಿದರೆ ಅರ್ಧ ನೀರು ಬದಲು. ಬಿಳಿ ಲೋಳೆ ಕಟ್ಟಿದ ಭಾಗವನ್ನು ಅದೇ ಉಪ್ಪುನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಲು 3ರಿಂದ 6 ವಾರ ಹಿಡಿಯುತ್ತದೆ. ಇಷ್ಟು ಕಾಯುವುದಾದರೆ ಲೈವ್ ರಾಕ್‌ನಿಂದ ಸಮಯ ಉಳಿಯುತ್ತದೆ ಎಂಬ ವಾದಕ್ಕೆ ಬಲ ಉಳಿಯುವುದಿಲ್ಲ.

ಇನ್ನು ಬೇಡದ ಅತಿಥಿಗಳು. ಏಪ್ಟೇಸಿಯಾ ಎಂಬ ಕಂದು ಬಣ್ಣದ ಪುಟ್ಟ ಅನಿಮೋನಿ (ಹೂವಿನಂತೆ ಕಾಣುವ ಕಡಲಜೀವಿ) ಹವಳಗಳನ್ನು ಕುಟುಕಿ ಕೊಲ್ಲುತ್ತದೆ. ಅದನ್ನು ಕೆರೆದು ತೆಗೆಯಲು ಹೋಗಬೇಡಿ, ಉಳಿದ ಚೂರು ಚೂರಿನಿಂದಲೂ ಹೊಸದು ಹುಟ್ಟುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ಸಿರಿಂಜಿನಿಂದ ಅದರ ಬಾಯಿಗೆ ಬಿಡಬೇಕು. ಮೀನು ಹಿಡಿಯುವ ಮ್ಯಾಂಟಿಸ್ ಸೀಗಡಿ, ಮೈತುಂಬ ರೋಮವಿರುವ ಏಡಿ, ಚುಚ್ಚಿದರೆ ಉರಿಯುವ ಮುಳ್ಳಿನ ಹುಳು, ಹಸಿರು ಗುಳ್ಳೆಯಂಥ ಪಾಚಿ, ಇವೆಲ್ಲ ಕಲ್ಲಿನೊಳಗೆ ಅಡಗಿ ಬರುತ್ತವೆ. 1.035ರಿಂದ 1.040 ಸಾಂದ್ರತೆಯ ನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಏಡಿ, ಸೀಗಡಿ ಹೊರಬೀಳುತ್ತವೆ. ರಬ್ಬರ್ ಕೈಗವಸು ಇಲ್ಲದೆ ಲೈವ್ ರಾಕ್ ಮುಟ್ಟಬೇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹುಳ ಸಾಯಲಿ ಎಂದು ಲೈವ್ ರಾಕನ್ನು ಯಾವ ಕಾರಣಕ್ಕೂ ಕುದಿಸಬೇಡಿ. ಪಾಲಿಥೋವ ಎಂಬ ಗುಂಡಿಯಾಕಾರದ ಹವಳ ಸಂಬಂಧಿ ಅದರ ಮೇಲಿದ್ದರೆ ಪಾಲಿಟಾಕ್ಸಿನ್ ಎಂಬ ವಿಷ ಹಬೆಯ ಜೊತೆ ಉಸಿರಿಗೆ ಹೋಗುತ್ತದೆ. ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾದ ಘಟನೆಗಳು ವಿದೇಶಗಳಲ್ಲಿ ನಡೆದಿವೆ. ಆ ವಿಷಕ್ಕೆ ಪ್ರತಿಔಷಧ ಇಲ್ಲ. ಕುದಿನೀರು ಸುರಿಯುವುದು, ಮೈಕ್ರೋವೇವ್‌ನಲ್ಲಿಡುವುದು, ಒಣಗಿದ ಮೇಲೆ ಗಟ್ಟಿಯಾಗಿ ಉಜ್ಜಿ ಧೂಳೆಬ್ಬಿಸುವುದು ಕೂಡ ಬೇಡ.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ಬಂಡೆ ಕಟ್ಟುವ ಎಲ್ಲ ಹವಳಗಳನ್ನೂ ಸೇರಿಸಲಾಯಿತು. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್, ನಮ್ಮದೇ ಮುರ್ಡೇಶ್ವರದ ಎದುರಿನ ನೇತ್ರಾಣಿ, ಎಲ್ಲಿಂದಲೂ ಹವಳದ ಕಲ್ಲನ್ನು ತೆಗೆಯುವಂತಿಲ್ಲ. ಇಂಥ ಅಪರಾಧಕ್ಕೆ 3ರಿಂದ 7 ವರ್ಷದವರೆಗೆ ಜೈಲು ಇದೆ. ರಾಮೇಶ್ವರದ ಯಾತ್ರೆಗೆ ಹೋದಾಗ ಬೀದಿಯಲ್ಲಿ ಸಿಗುವ ಹವಳದ ತುಂಡನ್ನು ಟ್ಯಾಂಕಿಗೆಂದು ತರಬೇಡಿ. ಲೈವ್ ರಾಕ್ ಕೊಡುತ್ತೇವೆ ಎನ್ನುವ ಅಂಗಡಿಯವರನ್ನು ಎಲ್ಲಿಂದ ಬಂತು, ಆಮದಿನ ಕಾಗದಪತ್ರ ಇದೆಯೇ ಎಂದು ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಕಲ್ಲು ಎಷ್ಟೇ ಚೆಂದವಿರಲಿ, ಬಿಟ್ಟು ಬನ್ನಿ. ದಂಡೆಯಿಂದ ದೂರವಿರುವ ನಮ್ಮ ಹವ್ಯಾಸಕ್ಕಾಗಿ ಅಲ್ಲಿನ ಒಂದು ಹವಳದ ದಿಬ್ಬ ಒಡೆಯುವುದು ನಮಗೆ ಒಪ್ಪಿತವಲ್ಲ.

ಡ್ರೈ ರಾಕ್‌ಗೆ ಬರೋಣ. ಇದರಲ್ಲಿ ಮೂರು ಬಗೆ. ಸಾವಿರಾರು ವರ್ಷ ಹಿಂದಿನ ಹವಳದ ನಿಕ್ಷೇಪಗಳಿಂದ ನೆಲದ ಮೇಲೆ ಅಗೆದದ್ದು, ಕಾರ್ಖಾನೆಯಲ್ಲಿ ಸುಣ್ಣದಂಶದಿಂದ ಎರಕ ಹೊಯ್ದದ್ದು, ಮತ್ತು ಯಾರದೋ ಹಳೆಯ ಟ್ಯಾಂಕಿನ ಲೈವ್ ರಾಕನ್ನೇ ಒಣಗಿಸಿದ್ದು. ಮೊದಲ ಎರಡಕ್ಕೆ ಧೂಳು ಹೋಗುವಂತೆ ತೊಳೆದರೆ ಬಹುತೇಕ ಸಾಕು. ಮೂರನೆಯದರಲ್ಲಿ ಒಣಗಿದ ಹುಳು, ಸ್ಪಂಜು, ವರ್ಷಗಟ್ಟಲೆ ಹೀರಿಕೊಂಡ ಫಾಸ್ಫೇಟ್ ಇರುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಾಗೆಯೇ ಹಾಕಿದರೆ ತಿಂಗಳೊಳಗೆ ಟ್ಯಾಂಕ್ ಹಸಿರು ಕೂದಲಿನಂಥ ಪಾಚಿಯಿಂದ ತುಂಬುತ್ತದೆ.

ಅದನ್ನು ಶುದ್ಧ ಮಾಡಲು 10 ಲೀಟರ್ ಕೊಳಾಯಿ ನೀರಿಗೆ 1 ಲೀಟರ್ ದ್ರವ ಬ್ಲೀಚ್ ಬೆರೆಸಿ. ಬ್ಲೀಚ್‌ನಲ್ಲಿ ಸುವಾಸನೆ, ಸೋಪು ಇರಬಾರದು. ಕಲ್ಲನ್ನು ಅದರಲ್ಲಿ ಮುಳುಗಿಸಿ, ಗಾಳಿಯಾಡುವ ಹೊರಗಿನ ಜಾಗದಲ್ಲಿ ಒಂದು ವಾರ ಬಿಡಿ, ಮಕ್ಕಳ ಕೈಗೆ ಸಿಗದಿರಲಿ. ಆಮೇಲೆ ತೊಳೆದು, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ಸಿಹಿನೀರಿನಲ್ಲಿ ಎರಡು ಮೂರು ದಿನ ನೆನೆಸಿ. ಕ್ಲೋರಿನ್ ಪಟ್ಟಿ ಸೊನ್ನೆ ತೋರಿಸಿದ ಮೇಲೆ ಮಾಳಿಗೆಯ ಮೇಲೆ ಒಣಹಾಕಿ. ನಮ್ಮ ಬಿಸಿಲಿಗೆ ನಾಲ್ಕು ದಿನ ಸಾಕು. ಕೆಲವರು ಕಲ್ಲಿನ ಮೇಲ್ಪದರ ಕರಗಿಸಲು ಆ್ಯಸಿಡ್ ಬಳಸುತ್ತಾರೆ. ಹೊಸಬರಿಗೆ ಅದು ಬೇಡ ಎನ್ನುತ್ತೇವೆ. ಬ್ಲೀಚ್ ಉಳಿದ ಕಲ್ಲಿಗೆ ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಅಪಾಯ.

ಫಾಸ್ಫೇಟ್ ಪರೀಕ್ಷೆಯನ್ನು ಯಾವ ಡ್ರೈ ರಾಕ್‌ಗೂ ತಪ್ಪಿಸಬೇಡಿ. ಉಪ್ಪುನೀರಿನಲ್ಲಿ ಎರಡು ವಾರ ಪಂಪ್ ಇಟ್ಟು ನೆನೆಸಿ ಅಳೆಯಿರಿ. 0.1 ಪಿಪಿಎಂಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ನೀರು ಬದಲಿಸಿ ಮತ್ತೆ ಅಳೆಯಿರಿ. ಬದಲಿಸಿದ ಮರುದಿನ ಕಡಿಮೆಯಾಗಿ, ವಾರದಲ್ಲಿ ಮತ್ತೆ ಏರುವುದನ್ನು ನೋಡಿ ಹಲವರು ಗಾಬರಿಯಾಗುತ್ತಾರೆ. ಫಾಸ್ಫೇಟ್ ಸುಣ್ಣದಂಶಕ್ಕೆ ಅಂಟಿಕೊಳ್ಳುವ ಗುಣದ್ದು. ನೀರಿನಲ್ಲಿ ಕಡಿಮೆಯಾದ ಕೂಡಲೇ ಕಲ್ಲು ತನ್ನಲ್ಲಿರುವುದನ್ನು ಬಿಡುತ್ತದೆ. ಎರಡು ಮೂರು ಸಲ ನೀರು ಬದಲಿಸಿದರೂ ಇಳಿಯದಿದ್ದರೆ ಕಬ್ಬಿಣದ ಆಕ್ಸೈಡಿನ ಫಾಸ್ಫೇಟ್ ಹೀರುವ ಹರಳುಗಳನ್ನು ಬಳಸಿ.

ಡ್ರೈ ರಾಕ್‌ನ ದೊಡ್ಡ ಸುಖ ಜೋಡಣೆಯಲ್ಲಿದೆ. ಅವಸರವಿಲ್ಲ, ಮೇಜಿನ ಮೇಲೆ ವಾರವಿಡೀ ಕಟ್ಟಿ ಕೆಡವಬಹುದು. ಸುತ್ತಿಗೆ ಉಳಿಯಿಂದ ಒಡೆಯಬಹುದು, ಡ್ರಿಲ್ ಮಾಡಿ ಅಕ್ರಿಲಿಕ್ ಕಡ್ಡಿ ಸೇರಿಸಬಹುದು. ಜೆಲ್ ರೂಪದ ಸೂಪರ್ ಗ್ಲೂ ಮತ್ತು ಕಲ್ಲಿನ ಪುಡಿ ಬೆರೆಸಿದರೆ ಸಂದುಗಳು ಗಟ್ಟಿಯಾಗಿ ಕೂರುತ್ತವೆ. ಗಾಜಿನಿಂದ ಎಲ್ಲ ಕಡೆ 6 ಸೆಂ.ಮೀ. ಬಿಡಿ, ಇಲ್ಲವಾದರೆ ಗಾಜು ಉಜ್ಜುವ ಮ್ಯಾಗ್ನೆಟ್ ಹೋಗುವುದಿಲ್ಲ. ಕಲ್ಲನ್ನು ಮೊದಲು ಟ್ಯಾಂಕಿನ ತಳದ ಮೇಲೆ ಕೂರಿಸಿ, ಮರಳನ್ನು ಆಮೇಲೆ 2ರಿಂದ 3 ಸೆಂ.ಮೀ. ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಗುಂಡಿ ತೋಡುವ ಮೀನು ಅದನ್ನು ಉರುಳಿಸುತ್ತದೆ, ಗಾಜು ಒಡೆಯುತ್ತದೆ. ಗೋಡೆಯಂತೆ ಪೇರಿಸಬೇಡಿ, ನೀರು ಹಾದುಹೋಗಲು ಸಂದಿ ಇರಲಿ.

ನೀರಿನ ಬಗ್ಗೆ ಎರಡು ಮಾತು. ನಮ್ಮ ಬೋರ್‌ವೆಲ್‌ಗಳ ಸವಳು ನೀರು ಹೇಗೂ ಉಪ್ಪಾಗಿದೆ, ಅದಕ್ಕೇ ಉಪ್ಪು ಬೆರೆಸೋಣ ಎಂದು ಯೋಚಿಸಬೇಡಿ. ಅದರಲ್ಲಿರುವ ಲವಣಗಳ ಪ್ರಮಾಣ ಸಮುದ್ರದ್ದಲ್ಲ. ರಾಯಚೂರು, ಕೊಪ್ಪಳದ ಹಲವು ಕಡೆ ಫ್ಲೋರೈಡ್ ಇದೆ, ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಗೊಬ್ಬರದ ನೈಟ್ರೇಟ್ ಇರುವ ಸಾಧ್ಯತೆಯೂ ಇದೆ. ಆರ್‌ಒ ನೀರೇ ಬೇಕು. ಮನೆಯ ಆರ್‌ಒ ಯಂತ್ರದಲ್ಲಿ ರುಚಿಗಾಗಿ ಹಸಿ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಅದನ್ನು ತಪ್ಪಿಸಿ ನೀರು ಹಿಡಿಯಬೇಕು. ಆರ್‌ಒದಿಂದ ಹೊರಬರುವ ನೀರಿಗೆ ಡಿಐ ರೆಸಿನ್ (ಉಳಿದ ಲವಣ ಹೀರುವ ಹರಳು) ಕಾರ್ಟ್ರಿಜ್ ಸೇರಿಸಿದರೆ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಸೊನ್ನೆಗೆ ಇಳಿಯುತ್ತದೆ. ಲೀಟರಿಗೆ 35ರಿಂದ 38 ಗ್ರಾಂ ಸಾಲ್ಟ್ ಮಿಕ್ಸ್ (ಅಕ್ವೇರಿಯಂಗೆಂದೇ ಮಾಡಿದ ಉಪ್ಪಿನ ಪುಡಿ) ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ಬರಬೇಕು.

ಈಗ ಸೈಕಲ್ ಮಾಡುವ, ಅಂದರೆ ಮೀನು ಬಿಡುವ ಮೊದಲೇ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಕ್ರಮ. 100 ಲೀಟರಿನ ಟ್ಯಾಂಕಿನಲ್ಲಿ ಕಲ್ಲು, ಮರಳು ಹೋಗಿ ನಿಜವಾಗಿ ಇರುವ ನೀರು ಸುಮಾರು 80 ಲೀಟರ್. ಇದಕ್ಕೆ 2 ಪಿಪಿಎಂ ಅಮೋನಿಯಾ ಬರಲು ಅರ್ಧ ಗ್ರಾಂ ಅಮೋನಿಯಂ ಕ್ಲೋರೈಡ್ ಬೇಕು. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಅಂಗಡಿಯ ನವಸಾಗರದಲ್ಲಿ ಲೋಹದ ಕಲಬೆರಕೆ ಇರಬಹುದು, ಪ್ರಯೋಗಾಲಯದ ದರ್ಜೆಯದನ್ನೇ ತನ್ನಿ. ಅರ್ಧ ಗ್ರಾಂ ತೂಗುವ ತಕ್ಕಡಿ ಇಲ್ಲದಿದ್ದರೆ 5 ಗ್ರಾಂ ಪುಡಿಯನ್ನು ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿಕೊಳ್ಳಿ, ಅದರಲ್ಲಿ 100 ಮಿ.ಲೀ. ಹಾಕಿ. ಜೊತೆಗೆ ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗುತ್ತದೆ. ಆದರೆ ಬೇಸಿಗೆಯಲ್ಲಿ ಕೊರಿಯರ್‌ನಲ್ಲಿ ದಿನಗಟ್ಟಲೆ ಕಾದು ಬಂದ ಬಾಟಲಿಯಲ್ಲಿ ಜೀವ ಉಳಿದಿರುವ ಭರವಸೆ ಇಲ್ಲ.

ನೀರು 26ರಿಂದ 28 ಡಿಗ್ರಿ ಇರಲಿ, ಪಂಪ್ ನಡೆಯಲಿ, ಲೈಟ್ ಹಾಕಬೇಡಿ. ದಿನ ಬಿಟ್ಟು ದಿನ ಅಳೆಯಿರಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಅಮೋನಿಯಾ 0.25ಕ್ಕೆ ಇಳಿದಾಗ ಮತ್ತೆ 2 ಪಿಪಿಎಂ ಆಗುವಷ್ಟು ಹಾಕಿ, ಆದರೆ 4 ದಾಟಿಸಬೇಡಿ, ಹೆಚ್ಚಾದರೆ ಬ್ಯಾಕ್ಟೀರಿಯಾಗಳ ಕೆಲಸವೇ ನಿಧಾನವಾಗುತ್ತದೆ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಏರಿಕೆ ತೋರಿಸುತ್ತದೆ, ಆ ಅಂಕಿಯನ್ನು ನಂಬಬೇಡಿ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾದರೆ ಕಲ್ಲು ಸಿದ್ಧ. ಸಾಮಾನ್ಯವಾಗಿ 3ರಿಂದ 6 ವಾರ ಬೇಕು. ವಾರಗಟ್ಟಲೆ ಏನೂ ಕದಲದಿದ್ದರೆ ಫಾಸ್ಫೇಟ್ ನೋಡಿ. ಅದು ಪೂರ್ತಿ ಸೊನ್ನೆ ಇದ್ದರೂ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಅರ್ಧದಷ್ಟು ನೀರು ಬದಲಿಸಿ.

ಡ್ರೈ ರಾಕ್‌ನ ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಬಿಳಿಯ ಖಾಲಿ ಕಲ್ಲು ಉಳುಮೆ ಮಾಡಿ ಬಿತ್ತದೆ ಬಿಟ್ಟ ಹೊಲವಿದ್ದಂತೆ, ಮೊದಲು ಬಂದವರೇ ಹರಡಿಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಬಣ್ಣದ ಪುಡಿ ಎಲ್ಲೆಡೆ ಕೂರುತ್ತದೆ. ನೀರಿನ ಸಿಲಿಕೇಟ್ ಮುಗಿದ ಮೇಲೆ ತಾನೇ ಹೋಗುತ್ತದೆ. ಆಮೇಲೆ ಕೆನ್ನೇರಳೆ ಹಾಳೆಯಂತೆ ಸಯನೋಬ್ಯಾಕ್ಟೀರಿಯಾ ಬರಬಹುದು. ಪೈಪಿನಿಂದ ಹೀರಿ ತೆಗೆದು, ನೀರಿನ ಹರಿವು ಹೆಚ್ಚಿಸಿ. ಹೆದರಬೇಕಾದದ್ದು ಡೈನೊಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿಗಳಿಗೆ. ಕಂದು ಲೋಳೆ, ಅದರಲ್ಲಿ ಸಿಕ್ಕಿಕೊಂಡ ಗುಳ್ಳೆಗಳು, ಹಗಲಲ್ಲಿ ಹೆಚ್ಚಾಗಿ ರಾತ್ರಿ ಕಡಿಮೆಯಾಗುವುದು ಅವುಗಳ ಗುರುತು. ಇದಕ್ಕೆ ಅತಿ ಸ್ವಚ್ಛತೆಯೇ ಕಾರಣವಾಗುತ್ತದೆ. ಹೊಸಬರು ಪಾಚಿಗೆ ಹೆದರಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡುತ್ತಾರೆ. ಸ್ಪರ್ಧೆಗಿಳಿಯುವ ಬೇರೆ ಜೀವಿಗಳು ಹಸಿದು ಸಾಯುತ್ತವೆ, ಡೈನೊಗಳಿಗೆ ಜಾಗ ಸಿಗುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಇರುವಂತೆ ನೋಡಿಕೊಳ್ಳಿ. ಪಾಚಿ ತಿನ್ನುವ ಬಸವನಹುಳುಗಳನ್ನು ಟ್ಯಾಂಕಿಗೆ ಹಾಕಿ, ಲೈಟ್ ಅವಧಿ ಮೊದಲ ಎರಡು ತಿಂಗಳು ದಿನಕ್ಕೆ 6 ಗಂಟೆ ಸಾಕು. ಈ ಕುರೂಪದ ಕಾಲ ನಾಲ್ಕಾರು ತಿಂಗಳು ಎಳೆಯಬಹುದು, ಕಲ್ಲು ಕೆಟ್ಟಿದೆ ಎಂದು ಕಿತ್ತು ಹಾಕಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆ ಮುಷ್ಟಿ ಗಾತ್ರದ ಲೈವ್ ರಾಕ್ ಬೇಕೆಂದದ್ದು ಇದಕ್ಕೇ. ಅದರಿಂದ ಕೋಪೆಪಾಡ್‌ಗಳು, ಕೋರಲೈನ್ ಪಾಚಿ, ನೂರಾರು ಬಗೆಯ ಬ್ಯಾಕ್ಟೀರಿಯಾ ಒಣ ಕಲ್ಲಿಗೆ ಹಬ್ಬುತ್ತವೆ. ಬಾಟಲಿಯಲ್ಲಿ ಈ ವೈವಿಧ್ಯ ಸಿಗುವುದಿಲ್ಲ. ಸೈಕಲ್ ಮುಗಿದು ನೀರು ಬದಲಿಸಿದ ಮೇಲೆ ಅದನ್ನು ಹಾಕಿ. ಮೊದಲೇ ಹಾಕಿದರೆ 2 ಪಿಪಿಎಂ ಅಮೋನಿಯಾದಲ್ಲಿ ಅದರ ಮೇಲಿನ ಜೀವಿಗಳು ಸಾಯುತ್ತವೆ.

ಇನ್ನು ಸಭೆಯಿಂದ ಬಂದ ಪ್ರಶ್ನೆಗಳು.

ಕರೆಂಟ್ ಹೋದರೆ ಯಾವ ಕಲ್ಲು ಸುರಕ್ಷಿತ ಎಂದು ಒಬ್ಬರು ಕೇಳಿದರು. ಪಂಪ್ ನಿಂತರೆ ಕಲ್ಲಿನ ಮೇಲಿನ ಪ್ರತಿ ಜೀವಿಯೂ ಮೀನಿನ ಜೊತೆ ಆಮ್ಲಜನಕಕ್ಕೆ ಪೈಪೋಟಿ ಮಾಡುತ್ತದೆ. ಲೈವ್ ರಾಕ್ ತುಂಬಿದ ಟ್ಯಾಂಕ್ ಬೇಗ ಉಸಿರುಗಟ್ಟುತ್ತದೆ, ಸಾವುಗಳು ಅಮೋನಿಯಾ ಹೆಚ್ಚಿಸುತ್ತವೆ. ಯಾವ ಕಲ್ಲೇ ಇರಲಿ, ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ, ಮನೆಯ ಇನ್ವರ್ಟರ್‌ಗೆ ಪಂಪ್ ಮಾತ್ರ ಜೋಡಿಸಿ, ಹೀಟರ್ ಬೇಡ.

ಚಿಲ್ಲರ್ (ನೀರು ತಂಪಾಗಿಸುವ ಯಂತ್ರ) ಇಲ್ಲದೆ ನಡೆಯುತ್ತದೆಯೇ? ನಮ್ಮ ಒಣ ಗಾಳಿಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಆವಿಯಿಂದ 2ರಿಂದ 4 ಡಿಗ್ರಿ ಇಳಿಯುತ್ತದೆ. ಕೋಣೆ 38 ಡಿಗ್ರಿ ಇದ್ದಾಗ ಅದು ಸಾಲದು. ಎಸಿ ಅಥವಾ ಚಿಲ್ಲರ್ ಬೇಕೇ ಬೇಕು. ಫ್ಯಾನ್ ಇದ್ದರೆ ಉಪ್ಪಿನ ಮೇಲೆ ಕಣ್ಣಿಡಿ. 80 ಲೀಟರಿನಲ್ಲಿ 2 ಲೀಟರ್ ಆವಿಯಾದರೆ ಲವಣಾಂಶ ಸಾವಿರಕ್ಕೆ 35ರಿಂದ ಸುಮಾರು 36ಕ್ಕೆ ಏರುತ್ತದೆ. ಹೋದದ್ದು ನೀರು ಮಾತ್ರ, ಆದ್ದರಿಂದ ಬರಿಯ ಆರ್‌ಒ ನೀರನ್ನು ದಿನಾ ತುಂಬಬೇಕು, ಉಪ್ಪುನೀರನ್ನಲ್ಲ.

ಹೊಸಪೇಟೆಯ ಗೆಳೆಯರ ಟ್ಯಾಂಕಿನಿಂದ ಆ ತುಂಡನ್ನು ತರುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಮುಚ್ಚಳದ ಬಕೆಟ್ಟಿನಲ್ಲಿ ಅದೇ ಟ್ಯಾಂಕಿನ ನೀರು ತುಂಬಿ, ಕಲ್ಲು ಪೂರ್ತಿ ಮುಳುಗಿರಲಿ, ಬ್ಯಾಟರಿ ಏರ್ ಪಂಪ್ ಹಾಕಿ ಬೆಳಗಿನ ಜಾವ ತನ್ನಿ. ಹೊರಡುವ ಮೊದಲು ಆ ಟ್ಯಾಂಕನ್ನು ರಾತ್ರಿ ಕೆಂಪು ಟಾರ್ಚಿನಲ್ಲಿ ನೋಡಿ, ಏಪ್ಟೇಸಿಯಾ ಕಂಡರೆ ಆ ಕಲ್ಲು ಬೇಡ. ಅಲ್ಲಿ ಇತ್ತೀಚೆಗೆ ತಾಮ್ರದ ಔಷಧ ಹಾಕಿದ್ದರೂ ಬೇಡ, ಕಲ್ಲು ತಾಮ್ರ ಹೀರಿಕೊಂಡಿರುತ್ತದೆ, ಸೀಗಡಿ, ಬಸವನಹುಳುಗಳಿಗೆ ಅದು ವಿಷ. ತಂದ ಬಕೆಟ್ಟಿನ ನೀರನ್ನು ಟ್ಯಾಂಕಿಗೆ ಸುರಿಯದೆ ಕಲ್ಲನ್ನು ಮಾತ್ರ ಎತ್ತಿಡಿ.

ಮೊದಲ ಮೀನು ಯಾವಾಗ? ಲೈವ್ ರಾಕ್ ತುಂಡನ್ನು ಇಟ್ಟು ಒಂದು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತರೆ, ಸಾಕಣೆಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ಬಿಡಬಹುದು. ಅವುಗಳನ್ನು ಮರಿಮಾಡುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ರೂಪಿಸಿದೆ, ಸಮುದ್ರದಿಂದ ಹಿಡಿದ ಮೀನೇ ಬೇಕಿಲ್ಲ. ಮೊದಲ ಹತ್ತು ದಿನ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ದಿನಾ ಅಮೋನಿಯಾ ಪರೀಕ್ಷೆ. ಮೂರನೆಯ ಮೀನಿಗೆ ಇನ್ನೊಂದು ತಿಂಗಳು ಕಾಯಿರಿ. ಮೀನು ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಹೆಚ್ಚಬೇಕು, ಅದಕ್ಕೆ ಕಲ್ಲಿಗೆ ಸಮಯ ಬೇಕು.